ತಲೆಯೊಳಗೆ ಹೊಕ್ಕ ಚೂರು: ದಂಪತಿಗಳು ತಿಳಿದಿರಬೇಕಾದ ವಿಷಯ

ಹೊರಗೆ ಕಾಣುವ ಗಾಯ ಚಿಕ್ಕದಾಗಿದ್ದರೆ ಒಳಗಿನ ಅಪಾಯವೂ ಚಿಕ್ಕದೆಂದು ಭಾವಿಸುವುದು ಸಹಜ. ಕೈಕಾಲುಗಳ ಮಟ್ಟಿಗೆ ಈ ಭಾವನೆ ಬಹುಪಾಲು ಸರಿಯೂ ಹೌದು. ತಲೆಯ ವಿಷಯದಲ್ಲಿ ಮಾತ್ರ ಇದು ಪ್ರಾಣಕ್ಕೆ ಎರವಾಗಬಲ್ಲದು. ಏರ್‌ಗನ್ನಿನಿಂದ ಹಾರಿದ ಸೀಸದ ಗುಂಡು, ಕೋವಿಯ ಒಂದು ಚರೆ, ಕಳೆ ಕೊಚ್ಚುವ ಯಂತ್ರದ ಅಲಗಿಗೆ ತಗುಲಿ ಸಿಡಿದ ತಂತಿಯ ತುಂಡು, ಸುತ್ತಿಗೆಯ ಏಟಿಗೆ ಉಳಿಯ ತಲೆಯಿಂದ ಎದ್ದ ಕಬ್ಬಿಣದ ಚೂರು, ಇವುಗಳಲ್ಲಿ ಹಲವು ಮೆಕ್ಕೆಜೋಳದ ಕಾಳಿಗಿಂತ ದೊಡ್ಡವಲ್ಲ. ಚರ್ಮದ ಮೇಲೆ ಅವು ಮಾಡುವ ರಂಧ್ರವು ಕೂದಲಿನ ನಡುವೆ ಮರೆಯಾಗಿಬಿಡುತ್ತದೆ. ರಕ್ತವೂ ಹೆಚ್ಚು ಬರದೆ ಇರಬಹುದು. ಮಗು ಸ್ವಲ್ಪ ಹೊತ್ತು ಅತ್ತು ಸುಮ್ಮನಾಗಬಹುದು. ಆದರೆ ಅಷ್ಟರೊಳಗೆ ಆ ಚೂರು ತಲೆಬುರುಡೆಯನ್ನು ತೂರಿ ಮೆದುಳಿನೊಳಗೆ ಹೋಗಿ ಕುಳಿತಿರಬಹುದು.

ಇಂತಹ ಅಪಘಾತವಾದಾಗ ಮನೆಯಲ್ಲಿ ಹತ್ತಿರವಿರುವವರು ಗಂಡನಾಗಲಿ ಹೆಂಡತಿಯಾಗಲಿ, ವೈದ್ಯರಲ್ಲ. ಮೊದಲ ಅರ್ಧ ಗಂಟೆಯಲ್ಲಿ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಕೂಡದು, ಆಸ್ಪತ್ರೆಯಲ್ಲಿ ಏನು ಹೇಳಬೇಕು ಎಂಬುದನ್ನು ನಿರ್ಧರಿಸುವವರು ನೀವೇ. ಆದ್ದರಿಂದ ಈ ಪಾಠವನ್ನು ದಂಪತಿಗಳಿಬ್ಬರೂ ಓದುವುದು ಅಗತ್ಯ. ಓದಲು ಬಾರದವರಿಗೆ ಇನ್ನೊಬ್ಬರು ಓದಿ ಹೇಳಬೇಕು.

ತಲೆಬುರುಡೆ ಎಲ್ಲೆಡೆಯೂ ಗಟ್ಟಿಯಲ್ಲ

ತಲೆಬುರುಡೆಯು ಮೆದುಳಿಗೆ ಪ್ರಕೃತಿ ಕೊಟ್ಟ ಪೆಟ್ಟಿಗೆ. ಹಣೆಯ ಮೇಲೆ, ತಲೆಯ ಹಿಂಭಾಗದಲ್ಲಿ ಮೂಳೆ ದಪ್ಪವಾಗಿದೆ. ಆದರೆ ಕಣ್ಣಿಗೂ ಕಿವಿಗೂ ನಡುವಿನ ಕಣತಲೆಯಲ್ಲಿ ಅದು ಕೆಲವೇ ಮಿಲಿಮೀಟರ್ ದಪ್ಪ. ಮಕ್ಕಳಲ್ಲಿ ಇನ್ನೂ ತೆಳು. ಎಲ್ಲಕ್ಕಿಂತ ತೆಳುವಾದುದು ಕಣ್ಣಿನ ಗುಣಿಯ ಮೇಲ್ಛಾವಣಿ. ಅಂಗರಚನಾಶಾಸ್ತ್ರದ ತರಗತಿಯಲ್ಲಿ ಒಣಗಿದ ತಲೆಬುರುಡೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದವರಿಗೆ ನೆನಪಿರುತ್ತದೆ, ಆ ಭಾಗದಲ್ಲಿ ಬೆಳಕು ಮೂಳೆಯ ಮೂಲಕವೇ ತೋರುತ್ತದೆ. ಆ ಛಾವಣಿಯ ಮೇಲೆಯೇ ಮೆದುಳಿನ ಮುಂಭಾಗ ಕುಳಿತಿದೆ. ಆದಕಾರಣ ಕಣ್ಣಿನ ರೆಪ್ಪೆಯ ಮೇಲೆ ಒಂದು ಸಣ್ಣ ತೂತು ಕಂಡು, ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ, ಅದನ್ನು ರೆಪ್ಪೆಯ ಗಾಯವೆಂದು ತಳ್ಳಿಹಾಕಕೂಡದು. ಅದು ಮೆದುಳಿಗೆ ಹೋದ ದಾರಿಯಾಗಿರಬಹುದು. ಗುಂಡು ಮಾತ್ರವಲ್ಲ, ಬಿದ್ದಾಗ ಕಣ್ಣಿಗೆ ಚುಚ್ಚಿದ ಪೆನ್ಸಿಲು, ಹಂಚಿಕಡ್ಡಿ, ಛತ್ರಿಯ ಕಡ್ಡಿ ಸಹ ಇದೇ ದಾರಿಯಲ್ಲಿ ಹೋಗಬಲ್ಲವು.

ಚೂರು ಒಳಗೆ ಹೋಗುವಾಗ ಒಂಟಿಯಾಗಿ ಹೋಗುವುದಿಲ್ಲ. ಕೂದಲು, ಚರ್ಮದ ಕೊಳೆ, ಟೊಪ್ಪಿಗೆಯ ನೂಲು, ಮುರಿದ ಮೂಳೆಯ ಪುಡಿ ಎಲ್ಲವನ್ನೂ ತನ್ನೊಂದಿಗೆ ಎಳೆದೊಯ್ಯುತ್ತದೆ. ಹೋದ ದಾರಿಯುದ್ದಕ್ಕೂ ಮೆದುಳಿನ ಭಾಗವನ್ನು ಹರಿದು, ರಕ್ತನಾಳಗಳನ್ನು ಗಾಯಗೊಳಿಸುತ್ತದೆ. ಆಮೇಲೆ ಎರಡು ಬಗೆಯ ಅಪಾಯಗಳು ಹಿಂಬಾಲಿಸುತ್ತವೆ. ಮೊದಲ ಗಂಟೆಗಳಲ್ಲಿ ರಕ್ತಸ್ರಾವ ಮತ್ತು ಬಾವು. ಗಟ್ಟಿ ಪೆಟ್ಟಿಗೆಯೊಳಗೆ ಬಾತ ಮೆದುಳಿಗೆ ಹೋಗಲು ಬೇರೆ ಸ್ಥಳವಿಲ್ಲವಾದ್ದರಿಂದ ಅದು ತನ್ನನ್ನು ತಾನೇ ಹಿಸುಕಿಕೊಳ್ಳುತ್ತದೆ. ದಿನಗಳು, ವಾರಗಳು ಕಳೆದ ಮೇಲೆ ಬರುವುದು ಸೋಂಕು, ಎಂದರೆ ಮೆದುಳಿನ ಪೊರೆಯ ಜ್ವರ ಅಥವಾ ಮೆದುಳಿನೊಳಗಿನ ಕೀವುಗಡ್ಡೆ. ಮೊದಲನೆಯದನ್ನು ತಪ್ಪಿಸಿಕೊಂಡ ರೋಗಿಯನ್ನು ಎರಡನೆಯದು ಹಿಡಿಯಬಹುದು.

ಗಾಯವಾದ ವ್ಯಕ್ತಿ ಮೊದಲು ಎದ್ದು ನಡೆದಾಡಿ, ಮಾತನಾಡಿ, ನೀರು ಕೇಳಿ, ಕೆಲವು ಗಂಟೆಗಳ ನಂತರ ಮಂಕಾಗುವುದುಂಟು. ಮನೆಯವರು "ಈಗ ತಾನೆ ಚೆನ್ನಾಗಿ ಮಾತನಾಡುತ್ತಿದ್ದನಲ್ಲ" ಎನ್ನುತ್ತಾರೆ. ಮಾತನಾಡುತ್ತಿದ್ದ ಆ ಹೊತ್ತೇ ಆಸ್ಪತ್ರೆಗೆ ಹೊರಡಬೇಕಾದ ಹೊತ್ತು.

ಇವು ಎಲ್ಲಿಂದ ಹಾರಿ ಬರುತ್ತವೆ

ನಮ್ಮ ಹಳ್ಳಿಗಳಲ್ಲಿ ಗಿಳಿ, ಮಂಗ ಮತ್ತು ಹಂದಿಗಳ ಕಾಟ ಎಲ್ಲರಿಗೂ ತಿಳಿದದ್ದೇ. ಬೆಳೆ ಕಾಯಲು ಕೆಲವರು ಏರ್‌ಗನ್ ತರುತ್ತಾರೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ನಳಿಗೆಯನ್ನೂ 20 ಜೌಲ್ ಶಕ್ತಿಯನ್ನೂ ಮೀರದ ಏರ್‌ಗನ್ನಿಗೆ ಪರವಾನಗಿ ಬೇಕಿಲ್ಲ. ಇದರಿಂದ ಅದು ಆಟದ ಸಾಮಾನೆಂಬ ಭಾವನೆ ಬೆಳೆದಿದೆ. ಪರವಾನಗಿ ಬೇಡವೆಂದರೆ ಅಪಾಯವಿಲ್ಲವೆಂದು ಅರ್ಥವಲ್ಲ. ಅದರ ಗುಂಡು ಸುಮಾರು ಅರ್ಧ ಗ್ರಾಂ ತೂಗುವ ಸೀಸ. ಸಾಧಾರಣ ಏರ್‌ಗನ್ನಿನಿಂದಲೂ ಅದು ಸೆಕೆಂಡಿಗೆ 100 ಮೀಟರಿಗೂ ಮಿಕ್ಕಿದ ವೇಗದಲ್ಲಿ ಹೊರಡುತ್ತದೆ. ಎಂದರೆ ಗಂಟೆಗೆ 360 ಕಿಲೋಮೀಟರು. ನಮ್ಮ ರಾಜ್ಯದಲ್ಲಿ ಯಾವ ರೈಲೂ ಅಷ್ಟು ವೇಗವಾಗಿ ಓಡುವುದಿಲ್ಲ. ಹತ್ತಿರದಿಂದ ಹಾರಿದರೆ ಮಗುವಿನ ಕಣತಲೆಯ ಮೂಳೆಯನ್ನು ದಾಟಲು ಇದು ಸಾಕು. ಕಾಡುಪಕ್ಷಿಗಳನ್ನು ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ವಯ ಅಪರಾಧವೆಂಬುದು ಬೇರೆ ಮಾತು. ಆದರೂ ಅದನ್ನು ಇಲ್ಲಿ ನೆನಪಿಸುವುದು ತಪ್ಪಾಗಲಾರದು.

ಮಲೆನಾಡು, ಕೊಡಗಿನ ಕಡೆ ಕೋವಿ ಮನೆಯ ಸಾಮಾನುಗಳಲ್ಲೊಂದು. ಕೇಪಿನ ಕೋವಿಯಾಗಲಿ ತೋಟಾಕೋವಿಯಾಗಲಿ, ರಾತ್ರಿ ತೋಟ ಕಾದು ಬಂದವರು ಮದ್ದು ತುಂಬಿದ ಹಾಗೆಯೇ ಬಾಗಿಲ ಹಿಂದೆ ಒರಗಿಸಿ ಮಲಗುವ ರೂಢಿ ಅಲ್ಲಲ್ಲಿ ಇದೆ. ಬೆಳಗ್ಗೆ ಕಸ ಗುಡಿಸುವ ಹೆಣ್ಣುಮಗಳ ಕೈ ತಗುಲಿ ಅದು ಉರುಳಿದರೆ ಏನಾಗುವುದೆಂದು ಯೋಚಿಸಿ. ಮನೆಯೊಳಗೆ ಬರುವ ಮುನ್ನ ಈಡು ತೆಗೆಯುವುದು, ಕೋವಿಯನ್ನು ಬೀಗ ಹಾಕಿ ಇಡುವುದು, ತೋಟಾಗಳನ್ನು ಬೇರೆ ಕಡೆ ಬೀಗದಲ್ಲಿಡುವುದು, ಇವು ಮೂರೂ ಗಂಡಸರ ಕೆಲಸ. ಅದಾಗಿದೆಯೇ ಎಂದು ಕೇಳುವ ಹಕ್ಕು ಮನೆಯಾಕೆಗೆ ಇದೆ. ಏರ್‌ಗನ್ನಿಗೂ ಇದೇ ನಿಯಮ.

ಇನ್ನು ಯಂತ್ರಗಳು. ಜನರು ವೀಡ್ ಕಟರ್ ಎನ್ನುವ ಕಳೆಯಂತ್ರದ ಅಲಗು ನಿಮಿಷಕ್ಕೆ ಹಲವು ಸಾವಿರ ಸುತ್ತು ತಿರುಗುತ್ತದೆ. ಹುಲ್ಲಿನಲ್ಲಿ ಅಡಗಿರುವ ಬೇಲಿತಂತಿಯ ತುಂಡು, ಮೊಳೆ, ಬೆಣಚುಕಲ್ಲು ಅದಕ್ಕೆ ಸಿಕ್ಕರೆ ಗುಂಡಿನಂತೆಯೇ ಹಾರುತ್ತದೆ. ಯಂತ್ರ ನಡೆಸುವವನು ಕಣ್ಣು ಮತ್ತು ಮುಖಕ್ಕೆ ಗಟ್ಟಿ ಕವಚ ಧರಿಸಬೇಕು. ಉಳಿದವರು ಕನಿಷ್ಠ 15 ಮೀಟರು ದೂರದಲ್ಲಿರಬೇಕು. ಗಂಡನಿಗೆ ಬುತ್ತಿ ತಂದ ಹೆಂಡತಿ, ತಾಯಿಯ ಸೆರಗು ಹಿಡಿದು ಬಂದ ಮಗು, ಯಂತ್ರ ನಿಲ್ಲುವವರೆಗೆ ಬದುವಿನಲ್ಲೇ ನಿಂತಿರಲಿ. ಚಾಟರಬಿಲ್ಲಿನಲ್ಲಿ ಕಲ್ಲಿಗೆ ಬದಲು ಸೈಕಲ್ಲಿನ ಉಕ್ಕಿನ ಗುಂಡು ಹಾಕುವ ಹುಡುಗರಿದ್ದಾರೆ. ಅವರಿಗೆ ಹೇಳಬೇಕಾದುದನ್ನು ತಂದೆತಾಯಿಗಳೇ ಹೇಳಬೇಕು.

ಮೊದಲ ಅರ್ಧ ಗಂಟೆ

ತಕ್ಷಣ 108ಕ್ಕೆ ಕರೆ ಮಾಡಿ, "ತಲೆಗೆ ಗುಂಡು ಹೊಕ್ಕಿದೆ" ಅಥವಾ "ತಲೆಗೆ ಕಬ್ಬಿಣದ ಚೂರು ಹೊಕ್ಕಿರಬಹುದು" ಎಂದು ಸ್ಪಷ್ಟವಾಗಿ ಹೇಳಿ. ಬರಿಯ "ಗಾಯವಾಗಿದೆ" ಎಂದರೆ ಸಾಲದು. ಗಡಿಯಾರ ನೋಡಿ ವೇಳೆಯನ್ನು ನೆನಪಿಡಿ. ಅಪಘಾತ ಎಷ್ಟು ಗಂಟೆಗೆ ಆಯಿತೆಂಬುದು ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲೊಂದು.

ಗಾಯದೊಳಗೆ ಬೆರಳು, ಕಡ್ಡಿ, ಚಿಮಟ ಯಾವುದನ್ನೂ ಹಾಕಕೂಡದು. ಹೊರಗೆ ಚಾಚಿಕೊಂಡಿರುವ ಮೊಳೆಯನ್ನಾಗಲಿ ಕಡ್ಡಿಯನ್ನಾಗಲಿ ಎಳೆಯಕೂಡದು. ಎಳೆಯಬೇಕೆಂದು ಕೈ ತಾನಾಗಿಯೇ ಮುಂದಾಗುತ್ತದೆ, ಅದು ಮನುಷ್ಯ ಸ್ವಭಾವ. ಆದರೆ ಹರಿದ ರಕ್ತನಾಳಕ್ಕೆ ಆ ಮೊಳೆಯೇ ಬಿರಡೆಯಂತೆ ಅಡ್ಡಲಾಗಿರಬಹುದು. ಎಳೆದ ಕ್ಷಣ ಒಳಗೆ ರಕ್ತ ನುಗ್ಗುತ್ತದೆ, ಅದು ಹೊರಗೆ ಕಾಣುವುದೂ ಇಲ್ಲ. ಅದರ ಎರಡೂ ಬದಿಗೆ ಶುದ್ಧವಾದ ಬಟ್ಟೆಯ ಸುರುಳಿಗಳನ್ನಿಟ್ಟು, ಅಲುಗಾಡದಂತೆ ಮೇಲೆ ಸಡಿಲವಾಗಿ ಸುತ್ತಿ ಹಾಗೆಯೇ ಕರೆತನ್ನಿ. ಬರಿಯ ತೂತಿದ್ದರೆ ಒಗೆದು ಒಣಗಿಸಿದ ಬಟ್ಟೆಯನ್ನು ಮೇಲೆ ಹಗುರವಾಗಿ ಹೊದಿಸಿ. ನೆತ್ತಿಯ ಚರ್ಮದಿಂದ ರಕ್ತ ಸುರಿಯುತ್ತಿದ್ದರೆ ತೂತಿನ ಮೇಲೆ ಒತ್ತದೆ ಅದರ ಸುತ್ತಲಿನ ಅಂಚನ್ನು ಒತ್ತಿ ಹಿಡಿಯಿರಿ. ಅರಿಶಿನ, ಕಾಫಿಪುಡಿ, ಸುಣ್ಣ, ಹೊಗೆಸೊಪ್ಪು, ಸೀಮೆಎಣ್ಣೆ ಇವು ಯಾವುವೂ ಬೇಡ. ಅಂಗಾಲಿನ ಮುಳ್ಳುಗಾಯಕ್ಕೆ ಅಜ್ಜಿ ಮಾಡಿದ ಉಪಚಾರ ಅಲ್ಲಿಗೆ ಸರಿಯಾಗಿದ್ದಿರಬಹುದು. ಇಲ್ಲಿ ಗಾಯದ ಬಾಯಿ ಮೆದುಳಿಗೆ ತೆರೆದಿದೆ. ಮೇಲೆ ಹಾಕಿದ್ದು ಒಳಗೆ ಹೋಗುತ್ತದೆ. ಗಾಯದೊಳಕ್ಕೆ ನೀರನ್ನು ಹೊಯ್ಯುವುದೂ ಬೇಡ.

ಎಚ್ಚರವಿರುವವರನ್ನು ಮಲಗಿಸಿ ತಲೆ, ಎದೆ ಸ್ವಲ್ಪ ಎತ್ತರಕ್ಕೆ ಬರುವಂತೆ ಒರಗಿಸಿ. ಮರದಿಂದಲೋ ಗಾಡಿಯಿಂದಲೋ ಬಿದ್ದಿದ್ದರೆ ಕತ್ತಿಗೂ ಪೆಟ್ಟಾಗಿರಬಹುದು, ಆಗ ಮಟ್ಟಸವಾಗಿ ಮಲಗಿಸಿ ಕತ್ತು ತಿರುಗದಂತೆ ನೋಡಿಕೊಳ್ಳಿ. ಎಚ್ಚರ ತಪ್ಪಿದವರನ್ನು, ತಲೆ ಮತ್ತು ಬೆನ್ನು ಒಂದೇ ನೇರದಲ್ಲಿರುವಂತೆ ಇಬ್ಬರು ಹಿಡಿದು, ಒಂದು ಮಗ್ಗುಲಿಗೆ ತಿರುಗಿಸಬೇಕು. ನಾಲಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟದಿರಲು, ವಾಂತಿ ಶ್ವಾಸಕೋಶಕ್ಕೆ ಹೋಗದಿರಲು ಇದೊಂದೇ ಉಪಾಯ ನಿಮ್ಮ ಕೈಯಲ್ಲಿರುವುದು. ಮೆದುಳಿಗೆ ಗಾಯವಾದಾಗ ಉಸಿರು ಕಟ್ಟಿದ ಪ್ರತಿ ನಿಮಿಷವೂ ಗಾಯವನ್ನು ದೊಡ್ಡದು ಮಾಡುತ್ತದೆ.

ಬಾಯಿಗೆ ಏನನ್ನೂ ಕೊಡಕೂಡದು. ನಿಂಬೆಹಣ್ಣಿನ ಪಾನಕವಿಲ್ಲ, ಕಾಫಿಯಿಲ್ಲ, ನೋವಿನ ಮಾತ್ರೆಯೂ ಇಲ್ಲ. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿಯಿರಬೇಕು. ಮೂರ್ಛೆ ಬಂದು ಕೈಕಾಲು ಸೆಳೆದರೆ ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ ಹಿಡಿಯುವುದರಿಂದ ಪ್ರಯೋಜನವಿಲ್ಲ. ಹಲ್ಲಿನ ನಡುವೆ ಚಮಚ ತುರುಕುವುದರಿಂದ ಹಲ್ಲು ಮುರಿಯುತ್ತದೆ, ಅಷ್ಟೆ. ಪಕ್ಕಕ್ಕೆ ತಿರುಗಿಸಿ, ಸುತ್ತಲಿನ ಕಲ್ಲು, ಸೌದೆ ಸರಿಸಿ ಕಾದಿರಿ.

ಗಾಡಿ ಬರುವಷ್ಟರಲ್ಲಿ ಮೂರು ವಿಷಯಗಳನ್ನು ಗಮನಿಸುತ್ತಿರಿ: ಕಣ್ಣು ತಾನಾಗಿಯೇ ತೆರೆಯುತ್ತದೆಯೇ ಅಥವಾ ಕರೆದಾಗ ಮಾತ್ರವೇ, ಮಾತು ಹೊಂದಿಕೆಯಾಗಿದೆಯೇ, "ಕೈ ಎತ್ತು" ಎಂದರೆ ಎರಡೂ ಕೈಗಳನ್ನು ಎತ್ತುತ್ತಾರೆಯೇ. 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ಕಣ್ಣು, ಮಾತು, ಕೈಕಾಲಿನ ಚಲನೆ ಈ ಮೂರನ್ನೇ ಆಧರಿಸಿ 3ರಿಂದ 15ರವರೆಗಿನ ಅಂಕಗಳ ಒಂದು ಮಾಪನವನ್ನು ರೂಪಿಸಿದರು. ಇಂದು ಲೋಕದ ಬಹುತೇಕ ಆಸ್ಪತ್ರೆಗಳಲ್ಲಿ ತಲೆಗಾಯವನ್ನು ಅಳೆಯುವುದು ಅದರಿಂದಲೇ. ನೀವು ಅಂಕ ಹಾಕಬೇಕಾಗಿಲ್ಲ. "ಹತ್ತು ಗಂಟೆಗೆ ಮಾತನಾಡುತ್ತಿದ್ದ, ಹನ್ನೊಂದಕ್ಕೆ ಕರೆದರೆ ಮಾತ್ರ ಕಣ್ಣು ಬಿಟ್ಟ, ಎಡಗೈ ಎತ್ತಲಿಲ್ಲ" ಎಂದು ಒಂದು ಚೀಟಿಯಲ್ಲಿ ಬರೆದು ತಂದರೆ ಅದು ವೈದ್ಯರಿಗೆ ಅಮೂಲ್ಯವಾದುದು.

ಹೊಕ್ಕ ವಸ್ತುವಿನ ಮಾದರಿಯನ್ನೂ ಜೊತೆಗೆ ತನ್ನಿ. ಏರ್‌ಗನ್ನಿನ ಗುಂಡಾಗಿದ್ದರೆ ಅದರ ಡಬ್ಬಿ, ತಂತಿಯಾಗಿದ್ದರೆ ಅದೇ ತಂತಿಯ ಇನ್ನೊಂದು ತುಂಡು. ಅದು ಸೀಸವೋ ಉಕ್ಕೋ ಮರವೋ ಎಂಬುದು ಮುಂದಿನ ಪರೀಕ್ಷೆಗಳನ್ನು ನಿರ್ಧರಿಸುತ್ತದೆ.

ಆಸ್ಪತ್ರೆಯಲ್ಲಿ ನಿಜವನ್ನೇ ಹೇಳುವುದು

ಈ ಪಾಠದಲ್ಲಿ ಒಂದೇ ಭಾಗವನ್ನು ನೆನಪಿಡಲು ಸಾಧ್ಯವೆಂದಾದರೆ ಇದನ್ನು ನೆನಪಿಡಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಹೀಗೊಂದು ಪ್ರಸಂಗವನ್ನು ಊಹಿಸಿಕೊಳ್ಳಿ. ಮೆಕ್ಕೆಜೋಳಕ್ಕೆ ಗಿಳಿ ಬೀಳುತ್ತವೆಂದು ರೈತನೊಬ್ಬ ಏರ್‌ಗನ್ ತಂದು ಅಟ್ಟದ ಮೇಲಿಟ್ಟಿದ್ದಾನೆ. ಭಾನುವಾರ ಅಣ್ಣನ ಮಗ ಅದನ್ನು ಇಳಿಸಿ ಆಡುವಾಗ ಗುಂಡು ಹಾರಿ ಎಂಟು ವರ್ಷದ ಮಗನ ಕಣತಲೆಗೆ ತಗಲುತ್ತದೆ. ಹುಡುಗ ಅಳುತ್ತಾನೆ, ಒಂದು ಸಲ ವಾಂತಿ ಮಾಡುತ್ತಾನೆ, ಎದ್ದು ಕೂರುತ್ತಾನೆ. ಗಾಯ ಮಸೂರದ ಕಾಳಿನಷ್ಟು. ಹಿರಿಯರು ಕೂಡಿ, "ಪೊಲೀಸು, ಕೋರ್ಟು ಎಂದು ಹೋದರೆ ಅಣ್ಣತಮ್ಮಂದಿರ ಮನೆ ಒಡೆಯುತ್ತದೆ, ಜಗಲಿಯಿಂದ ಬಿದ್ದನೆಂದು ಹೇಳೋಣ" ಎಂದು ತೀರ್ಮಾನಿಸುತ್ತಾರೆ. ತಾಯಿಗೆ ಒಪ್ಪಿಗೆಯಿಲ್ಲ, ಆದರೆ ಅತ್ತೆ, ಮಾವ, ಭಾವನವರ ಎದುರಿಗೆ ಬಾಯಿ ಬಿಡಲಾರಳು. ಎಚ್ಚರವಾಗಿರುವ ಹುಡುಗ, ಸಣ್ಣ ಗಾಯ, ಜಗಲಿಯಿಂದ ಬಿದ್ದದ್ದು. ಇಷ್ಟನ್ನೇ ಕೇಳಿದ ವೈದ್ಯನು ಗಾಯ ತೊಳೆದು ಒಂದು ಹೊಲಿಗೆ ಹಾಕಿ, ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟು ಕಳುಹಿಸಬಹುದು. ಹತ್ತನೆಯ ದಿನ ಹುಡುಗನಿಗೆ ಜ್ವರ, ತಲೆನೋವು, ಕತ್ತು ಬಿಗಿತ. ಆಗ ಚಿಕಿತ್ಸೆ ಸಿಕ್ಕರೂ ಅದು ಹತ್ತು ದಿನ ತಡವಾದ ಚಿಕಿತ್ಸೆ.

ಇಲ್ಲಿ ಕೆಟ್ಟವರು ಯಾರೂ ಇಲ್ಲ. ಭಯವೊಂದೇ ಇದೆ. ಆ ಭಯಕ್ಕೆ ಉತ್ತರವನ್ನು ತಿಳಿದುಕೊಳ್ಳಿ. ಗುಂಡಿನ ಗಾಯವಾದಾಗ ಪೊಲೀಸರಿಗೆ ತಿಳಿಸುವುದು ವೈದ್ಯನ ಕರ್ತವ್ಯ, ನಿಜ. ಆದರೆ ಚಿಕಿತ್ಸೆಯು ಪೊಲೀಸರಿಗಾಗಿ ಕಾಯತಕ್ಕದ್ದಲ್ಲ. 1989ರಲ್ಲಿ ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ನಿಸ್ಸಂದಿಗ್ಧವಾಗಿ ಹೇಳಿದೆ: ಸರ್ಕಾರಿ ವೈದ್ಯನಾಗಲಿ ಖಾಸಗಿ ವೈದ್ಯನಾಗಲಿ, ಪ್ರಾಣಾಪಾಯದಲ್ಲಿರುವವರಿಗೆ ಮೊದಲು ಚಿಕಿತ್ಸೆ ನೀಡಬೇಕು, ಕಾನೂನಿನ ವಿಧಿಗಳು ಆಮೇಲೆ. ಗುಂಡು ಹೇಗೆ ಹಾರಿತೆಂಬ ವಿಚಾರಣೆ ವೈದ್ಯನ ಕೆಲಸವಲ್ಲ. ಗುಂಡು ಹಾರಿತೆಂಬುದಷ್ಟೇ ಅವನಿಗೆ ಬೇಕಾದುದು. ಆಕಸ್ಮಿಕವಾಗಿ ಆದದ್ದನ್ನು ಆಕಸ್ಮಿಕವೆಂದೇ ಹೇಳಿ. ಮನೆಯಲ್ಲಿ ಮಾತನಾಡಲಾಗದ ತಾಯಿ, ವೈದ್ಯರನ್ನೋ ದಾದಿಯನ್ನೋ ಆಶಾ ಕಾರ್ಯಕರ್ತೆಯನ್ನೋ ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದರೂ ಸಾಕು. ಗಂಡಂದಿರು ಆಕೆಗೆ ಆ ಅವಕಾಶವನ್ನು ಕೊಡುವವರಾಗಬೇಕು.

ಸಿ.ಟಿ. ಚಿತ್ರ ಏಕೆ ಬೇಕು

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಸಿರಾಟವನ್ನು ಸರಿಪಡಿಸಿ, ಆಮ್ಲಜನಕ ಕೊಟ್ಟು, ರಕ್ತನಾಳಕ್ಕೆ ದ್ರವ ಹಾಕಿ, ಸೋಂಕುನಿವಾರಕ ಮತ್ತು ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟು ಮುಂದಕ್ಕೆ ಕಳುಹಿಸುತ್ತಾರೆ. ಮುಂದಕ್ಕೆ ಕಳುಹಿಸಿದರೆಂದು ಬೇಸರ ಬೇಡ, ಇಲ್ಲಿ ಅದೇ ಚಿಕಿತ್ಸೆ. ಹೋಗಬೇಕಾದುದು ಸಿ.ಟಿ. ಯಂತ್ರವೂ ನರಶಸ್ತ್ರಚಿಕಿತ್ಸಕರೂ ಇರುವ ಕಡೆಗೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಎಲ್ಲರಿಗೂ ಗೊತ್ತು, ಆದರೆ ದೂರದ ಜಿಲ್ಲೆಯವರು ಅಲ್ಲಿಯವರೆಗೆ ಹೋಗಲೇಬೇಕೆಂದಿಲ್ಲ. ಹತ್ತಿರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಸೌಲಭ್ಯವಿದೆಯೇ ಎಂದು ಹೊರಡುವ ಮೊದಲು ಕಳುಹಿಸುವ ವೈದ್ಯರಿಂದಲೇ ದೂರವಾಣಿ ಮಾಡಿಸಿ. ಪಡಿತರ ಚೀಟಿ, ಆಧಾರ್ ಚೀಟಿ ಜೊತೆಗಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವಿಗೆ ಅವು ಬೇಕಾಗುತ್ತವೆ.

ಸಾಧಾರಣ ಕ್ಷ-ಕಿರಣ ಚಿತ್ರದಲ್ಲಿ ಲೋಹದ ಗುಂಡು ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಆದರೆ ರಕ್ತ ಎಲ್ಲಿ ಸೇರಿದೆ, ಮೆದುಳು ಎಷ್ಟು ಬಾತಿದೆ ಎಂಬುದು ಕಾಣದು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮೆದುಳನ್ನು ಸಿ.ಟಿ. ಯಂತ್ರದಿಂದ ಚಿತ್ರಿಸಲಾಯಿತು. ಅದನ್ನು ಸಾಧ್ಯಗೊಳಿಸಿದ ಹೌನ್ಸ್‌ಫೀಲ್ಡ್ ಮತ್ತು ಕಾರ್ಮಾಕ್ ಇಬ್ಬರಿಗೂ 1979ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ತಲೆಗಾಯದ ಚಿಕಿತ್ಸೆಯಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲವೆಂಬುದು ನನ್ನ ಅಭಿಪ್ರಾಯ. ಮರದ ಚೂರು ಮಾತ್ರ ಇದರಲ್ಲಿಯೂ ಕೆಲವೊಮ್ಮೆ ಗಾಳಿಯ ಗುಳ್ಳೆಯಂತೆ ಕಂಡು ಮೋಸಮಾಡುತ್ತದೆ. ಆದುದರಿಂದಲೇ ಚುಚ್ಚಿದ್ದು ಪೆನ್ಸಿಲು ಅಥವಾ ಕಡ್ಡಿ ಎಂದು ನೀವು ಹೇಳಬೇಕು.

ಎಂ.ಆರ್.ಐ. ಎಂಬುದು ಬೇರೆ ಯಂತ್ರ. ಅದು ಪ್ರಬಲವಾದ ಅಯಸ್ಕಾಂತ. ಒಳಗಿರುವ ಚೂರು ಕಬ್ಬಿಣ ಅಥವಾ ಉಕ್ಕಿನದಾಗಿದ್ದರೆ ಅದು ಆ ಸೆಳೆತಕ್ಕೆ ಸರಿದು ಹೊಸ ಗಾಯ ಮಾಡಬಹುದು. ಸೀಸವನ್ನು ಅಯಸ್ಕಾಂತ ಸೆಳೆಯುವುದಿಲ್ಲ. ಆದರೆ ಗುಂಡುಗಳೆಲ್ಲ ಸೀಸದವೇ ಅಲ್ಲ.

"ಗುಂಡನ್ನು ತೆಗೆಯಲೇ ಇಲ್ಲವಲ್ಲ!"

ಶಸ್ತ್ರಚಿಕಿತ್ಸೆಯಾದ ಮೇಲೆ, ಅಥವಾ ಶಸ್ತ್ರಚಿಕಿತ್ಸೆಯೇ ಇಲ್ಲದೆ, "ಗುಂಡು ಒಳಗೇ ಇರಲಿ" ಎಂದು ವೈದ್ಯರು ಹೇಳಿದಾಗ ತಂದೆತಾಯಿಗಳು ದಿಗ್ಭ್ರಮೆಗೊಳ್ಳುತ್ತಾರೆ. ದುಡ್ಡು ಕೊಡದ್ದರಿಂದ ಹೀಗೆ ಮಾಡಿದರೆಂದು ಸಂಶಯಪಡುವವರೂ ಇದ್ದಾರೆ. ಇದರ ಹಿಂದೆ ಸುಮಾರು ನೂರು ವರ್ಷಗಳ ಅನುಭವವಿದೆ.

ಮೊದಲನೆಯ ಮಹಾಯುದ್ಧದಲ್ಲಿ, 1917ರಲ್ಲಿ, ಹಾರ್ವೆ ಕುಶಿಂಗ್ ಎಂಬ ಅಮೆರಿಕದ ಶಸ್ತ್ರವೈದ್ಯರು ತಲೆಗೆ ಚೂರು ಹೊಕ್ಕ ಸೈನಿಕರಿಗೆ ಚಿಕಿತ್ಸೆ ನೀಡಿದರು. ಗಾಯದ ದಾರಿಯಲ್ಲಿದ್ದ ಸತ್ತ ಭಾಗವನ್ನೂ ಮೂಳೆಯ ಚೂರುಗಳನ್ನೂ ಮೃದುವಾದ ರಬ್ಬರು ನಳಿಕೆಯಿಂದ ಹೀರಿ ತೆಗೆದು, ಗಾಯವನ್ನು ಭದ್ರವಾಗಿ ಮುಚ್ಚುತ್ತಿದ್ದರು. ಈ ಕ್ರಮದಿಂದ ಮೂರು ತಿಂಗಳಲ್ಲಿ ಅವರ ರೋಗಿಗಳ ಸಾವಿನ ಪ್ರಮಾಣ ನೂರಕ್ಕೆ ಸುಮಾರು 54ರಿಂದ 29ಕ್ಕೆ ಇಳಿಯಿತು. ಆಗ ಸೋಂಕುನಿವಾರಕ ಔಷಧಿಗಳಿನ್ನೂ ಬಂದಿರಲಿಲ್ಲ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಮುಂದೆ ಹಲವು ದಶಕಗಳ ಕಾಲ ಒಳಗಿನ ಪ್ರತಿಯೊಂದು ಚೂರನ್ನೂ ಹುಡುಕಿ ತೆಗೆಯಬೇಕೆಂಬ ಅಭಿಪ್ರಾಯವೇ ಬಲವಾಗಿತ್ತು. ಉಳಿದ ಚೂರಿಗಾಗಿ ಎರಡನೆಯ ಸಲ ತಲೆ ತೆರೆಯುತ್ತಿದ್ದುದೂ ಉಂಟು. 1980ರ ದಶಕದ ಲೆಬನಾನ್ ಮತ್ತು ಇರಾನ್–ಇರಾಕ್ ಯುದ್ಧಗಳ ಗಾಯಾಳುಗಳನ್ನು ಗಮನಿಸಿದಾಗ ಬೇರೆಯೇ ಸಂಗತಿ ತಿಳಿದುಬಂದಿತು. ಆಳದಲ್ಲಿ ಉಳಿದ ಸಣ್ಣ ಚೂರುಗಳಿಂದ ನಿರೀಕ್ಷಿಸಿದಷ್ಟು ಸೋಂಕು ಆಗುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಕಾರಣ, ಸರಿಯಾಗಿ ಮುಚ್ಚದ ಗಾಯದಿಂದ ಮೆದುಳಿನ ನೀರು ಸೋರುವುದು. ಚೂರನ್ನು ಬೆನ್ನಟ್ಟಿ ಹೋದ ಉಪಕರಣವು ಒಳ್ಳೆಯ ಮೆದುಳನ್ನೂ ಹಾಳುಮಾಡುತ್ತಿತ್ತು. 2001ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಈ ಅನುಭವಗಳ ಮೇಲೆ ನಿಂತಿವೆ.

ಆದ್ದರಿಂದ ಇಂದು ನರಶಸ್ತ್ರಚಿಕಿತ್ಸಕರು ಮೊದಲು ನೋಡುವುದು, ಮೆದುಳನ್ನು ಒತ್ತುತ್ತಿರುವ ರಕ್ತದ ಗಡ್ಡೆಯನ್ನು ತೆಗೆಯಬೇಕೇ, ಗಾಯವನ್ನು ನೀರು ಸೋರದಂತೆ ಮುಚ್ಚಿದೆಯೇ ಎಂಬುದನ್ನು. ಕೈಗೆ ಸಿಗುವ ಚೂರನ್ನು ತೆಗೆಯುತ್ತಾರೆ, ಆಳದಲ್ಲಿರುವುದನ್ನು ಬಿಡುತ್ತಾರೆ. ಮುಂದೆ ಅದು ಸ್ಥಳ ಬದಲಿಸಿದರೆ ಅಥವಾ ಕೀವಾದರೆ ತೆಗೆಯುವ ವಿಚಾರ ಮಾಡುತ್ತಾರೆ. ರಕ್ತನಾಳದ ಹತ್ತಿರ ಹಾದುಹೋಗಿದ್ದರೆ ನಾಳಗಳ ಚಿತ್ರವನ್ನು ಬೇರೆಯಾಗಿ ತೆಗೆಸಬಹುದು. ಗಾಯಗೊಂಡ ನಾಳದ ಗೋಡೆ ಗುಳ್ಳೆಯಂತೆ ಉಬ್ಬಿ, ವಾರಗಳ ನಂತರ ಒಡೆಯುವುದುಂಟು. ಎಷ್ಟೇ ಚಿಕಿತ್ಸೆಯಾದರೂ ಎಲ್ಲರೂ ಬದುಕುವುದಿಲ್ಲ, ಬದುಕಿದವರೆಲ್ಲ ಮೊದಲಿನಂತಾಗುವುದಿಲ್ಲ. ಗುಂಡು ಮೆದುಳಿನ ಎರಡೂ ಬದಿಗಳನ್ನು ದಾಟಿದ್ದರೆ, ಬರುವಾಗಲೇ ಎಚ್ಚರ ಪೂರ್ತಿ ತಪ್ಪಿದ್ದರೆ, ಆಶೆ ಕಡಮೆ. ಇದನ್ನು ವೈದ್ಯರು ನೇರವಾಗಿ ಹೇಳಿದರೆ ಅದು ಕಠಿಣತೆಯಲ್ಲ.

ಮನೆಗೆ ಬಂದ ಮೇಲೆ

ಮೂಗಿನಿಂದ ಅಥವಾ ಕಿವಿಯಿಂದ ನೀರಿನಂತಹ ದ್ರವ ತೊಟ್ಟಿಕ್ಕುವುದು, ಮುಂದಕ್ಕೆ ಬಗ್ಗಿದಾಗ ಅದು ಹೆಚ್ಚಾಗುವುದು, ಗಂಟಲಿಗೆ ಉಪ್ಪುಪ್ಪಾಗಿ ಇಳಿಯುವುದು, ಇವು ನೆಗಡಿಯಲ್ಲ. ಮೆದುಳಿನ ನೀರು ಸೋರುತ್ತಿರುವ ಸೂಚನೆ. ಹತ್ತಿ ತುರುಕದೆ, ಮೂಗು ಸೀಂಟದೆ ಕೂಡಲೇ ಬನ್ನಿ. ಜ್ವರ, ಹೆಚ್ಚುತ್ತಿರುವ ತಲೆನೋವು, ಮುಂಜಾನೆಯ ವಾಂತಿ, ಮಂಕು, ಒಂದು ಕೈಯ ಬಲ ಕುಂದುವುದು ಎಷ್ಟು ತಿಂಗಳ ನಂತರ ಬಂದರೂ ಹಾಗೆಯೇ ಮಾಡಿ. ಕೀವುಗಡ್ಡೆಗೆ ಅವಸರವಿಲ್ಲ, ಅದು ಕಾದು ಬರುತ್ತದೆ.

ಮೂರ್ಛೆರೋಗದ ವಿಷಯವನ್ನು ವಿವರವಾಗಿ ಹೇಳಬೇಕಾಗಿದೆ. ವಿಯೆಟ್ನಾಂ ಯುದ್ಧದಲ್ಲಿ ಮೆದುಳಿಗೆ ಚೂರು ಹೊಕ್ಕು ಬದುಕುಳಿದ ಅಮೆರಿಕದ ಸೈನಿಕರನ್ನು ಸುಮಾರು 15 ವರ್ಷಗಳ ನಂತರ ಪರೀಕ್ಷಿಸಿದಾಗ ನೂರಕ್ಕೆ 53 ಮಂದಿಗೆ ಮೂರ್ಛೆರೋಗ ಬಂದಿದ್ದುದು ಕಂಡಿತು. ಏರ್‌ಗನ್ನಿನ ಗುಂಡು ಯುದ್ಧದ ಚೂರಿನಷ್ಟು ಹಾನಿ ಮಾಡದಿರಬಹುದು, ಆದರೂ ಎಚ್ಚರಿಕೆ ಅಗತ್ಯ. ಸಾಮಾನ್ಯವಾಗಿ ಮೊದಲ 7 ದಿನ ಮೂರ್ಛೆ ತಡೆಯುವ ಔಷಧಿ ಕೊಡುತ್ತಾರೆ. ಆಮೇಲೆ ಮೂರ್ಛೆ ಬಂದರೆ ಮಾತ್ರ ಹೆಚ್ಚು ಕಾಲ ಮುಂದುವರಿಸುತ್ತಾರೆ. ಮಾತ್ರೆ ಮುಗಿಯಿತೆಂದೋ ಗುಣವಾಯಿತೆಂದೋ ನೀವಾಗಿ ನಿಲ್ಲಿಸಿದರೆ ಮೂರ್ಛೆಯು ಮೊದಲಿಗಿಂತ ಬಲವಾಗಿ ಬರಬಹುದು. ಮೂರ್ಛೆ ಹತೋಟಿಗೆ ಬರುವವರೆಗೆ ಬಾವಿಕಟ್ಟೆ, ಕೆರೆ, ಅಡಿಕೆಮರ, ಬೈಕು ಇವುಗಳಿಂದ ದೂರವಿರಬೇಕು. ಒಲೆಯ ಮುಂದೆ ಒಬ್ಬರೇ ಕೂರುವುದು ಬೇಡ.

ಗಾಯಗೊಂಡವರು ಹೆಂಡತಿಯಾಗಿದ್ದರೆ ಇನ್ನೆರಡು ಮಾತು. ಫೆನಿಟಾಯಿನ್, ಕಾರ್ಬಮಜೆಪೈನ್, ಫಿನೋಬಾರ್ಬಿಟೋನ್ ಈ ಔಷಧಿಗಳು ಮಾಲಾ-ಎನ್ ಮುಂತಾದ ಗರ್ಭನಿರೋಧಕ ಗುಳಿಗೆಗಳ ಶಕ್ತಿಯನ್ನು ಕುಗ್ಗಿಸುತ್ತವೆ. ಗುಳಿಗೆ ತಪ್ಪದೆ ನುಂಗುತ್ತಿದ್ದರೂ ಗರ್ಭ ನಿಲ್ಲಬಹುದು. ಇಂತಹವರಿಗೆ ವಂಕಿ, ಎಂದರೆ ಕಾಪರ್-ಟಿ, ಉತ್ತಮ. ಅದರ ಮೇಲೆ ಈ ಔಷಧಿಗಳ ಪರಿಣಾಮವಿಲ್ಲ. ವ್ಯಾಲ್‌ಪ್ರೋಯೇಟ್ ಎಂಬ ಔಷಧಿಯು ಗರ್ಭದಲ್ಲಿರುವ ಮಗುವಿನ ಅಂಗಗಳಿಗೂ ಬುದ್ಧಿಯ ಬೆಳವಣಿಗೆಗೂ ಹಾನಿ ಮಾಡಬಲ್ಲದು. ಮಗು ಬೇಕೆನ್ನುವ ದಂಪತಿಗಳು ಗರ್ಭ ನಿಲ್ಲುವ ಮೊದಲೇ ವೈದ್ಯರನ್ನು ಕಂಡು ಔಷಧಿಯನ್ನು ಬದಲಿಸಿಕೊಳ್ಳಬೇಕು, ಫೋಲಿಕ್ ಆಮ್ಲದ ಮಾತ್ರೆಯನ್ನೂ ಆರಂಭಿಸಬೇಕು. ಗರ್ಭಿಣಿಯಾದ ಮೇಲೆ ಹೆದರಿ ಔಷಧಿಯನ್ನು ತಾನಾಗಿಯೇ ನಿಲ್ಲಿಸುವುದು ಇನ್ನೂ ಅಪಾಯಕರ.

ಮೂರ್ಛೆಯಿರುವ ಹೆಣ್ಣುಮಗಳ ಮದುವೆಯ ಬಗೆಗೆ ಊರಿನಲ್ಲಿ ಬಗೆಬಗೆಯ ಮಾತುಗಳಿವೆ. ಹಿಂದೂ ವಿವಾಹ ಕಾಯಿದೆಯಲ್ಲಿ ಒಂದು ಕಾಲದಲ್ಲಿ ಮೂರ್ಛೆರೋಗವು ಮದುವೆಗೆ ಅಡ್ಡಿಯೆಂದೇ ಇತ್ತು. 1999ರ ತಿದ್ದುಪಡಿಯಿಂದ ಅದನ್ನು ತೆಗೆದುಹಾಕಲಾಗಿದೆ. ಗಾಯದಿಂದ ಬಂದ ಮೂರ್ಛೆ ಮಕ್ಕಳಿಗೆ ವಂಶದಿಂದ ಇಳಿಯತಕ್ಕದ್ದೂ ಅಲ್ಲ.

ಮಗುವಾಗಿದ್ದರೆ, ಶಾಲೆಗೆ ಮರಳಿದ ಮೇಲೆ ಅದರ ಸ್ವಭಾವದಲ್ಲಿ ಬದಲಾವಣೆ ಕಾಣಬಹುದು. ಬೇಗ ಸಿಟ್ಟಾಗುವುದು, ಪಾಠ ಮರೆಯುವುದು, ಬೇಗ ದಣಿಯುವುದು. ಇದು ಹಟವಲ್ಲ, ಗಾಯದ ಫಲ, ಮೆಲ್ಲಮೆಲ್ಲನೆ ಸುಧಾರಿಸಬಹುದು. ಶಿಕ್ಷಕರಿಗೆ ವಿಷಯ ತಿಳಿಸಿ. ಗುಂಡು ಹಾರಿಸಿದ ಅಣ್ಣನನ್ನೋ ಅಕ್ಕನನ್ನೋ ಮನೆಯವರು ದಿನವೂ ಚುಚ್ಚಿ ಮಾತನಾಡುವುದನ್ನು ನಿಲ್ಲಿಸುವುದೂ ತಂದೆತಾಯಿಗಳ ಕೆಲಸವೇ. ಆ ಮಗುವೂ ಮಲಗಿ ನಿದ್ರೆ ಮಾಡಬೇಕಲ್ಲವೆ.

ಆಸ್ಪತ್ರೆಯ ಬಿಡುಗಡೆ ಚೀಟಿಯನ್ನೂ ಸಿ.ಟಿ. ಚಿತ್ರವನ್ನೂ ಜಮೀನಿನ ಪತ್ರಗಳಿರುವ ಟ್ರಂಕಿನಲ್ಲಿ ಜೊತೆಗಿಡಿ. ಮೊಬೈಲಿನಲ್ಲಿ ಅವುಗಳ ಚಿತ್ರ ತೆಗೆದು ಇಬ್ಬರೂ ಇಟ್ಟುಕೊಳ್ಳಿ. ತಲೆಯಲ್ಲಿ ಚೂರು ಉಳಿದಿರುವವರು ಮುಂದೆ ಬೆನ್ನುನೋವಿಗೋ ಮಂಡಿನೋವಿಗೋ ಹೋದಾಗ ಯಾರಾದರೂ ಎಂ.ಆರ್.ಐ. ಬರೆದುಕೊಟ್ಟರೆ, ಆ ಕೋಣೆಯ ಬಾಗಿಲು ದಾಟುವ ಮೊದಲೇ, ಇಪ್ಪತ್ತು ವರ್ಷ ಕಳೆದಿದ್ದರೂ, "ತಲೆಯಲ್ಲಿ ಲೋಹದ ಚೂರಿದೆ" ಎಂದು ಹೇಳಿ ಈ ಚೀಟಿಯನ್ನು ತೋರಿಸತಕ್ಕದ್ದು.